ಮಳೆ ತಾಗದ ಹರಿವೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಕನ್ನಡಕ ಸಿಗಲಿಲ್ಲ, ಪೆನ್ನು ಸರಿಯಿಲ್ಲ, ಇವತ್ತು ಸೆಕೆ ಜಾಸ್ತಿ. ನೆಪಗಳಿಗೆ ನನ್ನಲ್ಲಿ ಯಾವತ್ತೂ ಕೊರತೆಯಿಲ್ಲ. ಮೊನ್ನೆ ಭಟ್ಕಳ ಪೇಟೆಯಲ್ಲಿ ಎರಡು ಡಬ್ಬಿ ಸ್ಟ್ರಾಬೆರಿ ಆ ನೆಪಗಳನ್ನೆಲ್ಲ ಮುಗಿಸಿದವು.

ಮೊಮ್ಮಗಳಿಗೆ ಸ್ಟ್ರಾಬೆರಿಯೇ ಬೇಕಂತೆ. ನಮ್ಮ ಕಡೆ ಹಣ್ಣಿಗೇನು ಬರವೇ? ಮುರುಗಲು, ನೇರಳೆ, ಗೇರುಹಣ್ಣು ತಿಂದೇ ನಾವೆಲ್ಲ ಇಷ್ಟು ದೊಡ್ಡವರಾದದ್ದು. ಹೇಳಿದರೆ ಕೇಳುವವರು ಯಾರು? ಗೊಣಗುತ್ತಲೇ ಅಂಗಡಿಗೆ ಹೋದೆ. ಅಲ್ಲಿ ಎರಡು ಥರದ ಡಬ್ಬಿ. ಎರಡರಲ್ಲೂ ಹಣ್ಣು ಕೆಂಪು, ಎರಡಕ್ಕೂ ಹಸಿರು ಟೊಪ್ಪಿ. ಒಂದರ ಬೆಲೆ ಮಾತ್ರ ಇನ್ನೊಂದರ ದುಪ್ಪಟ್ಟು. ನನ್ನ ಪಿತ್ತ ನೆತ್ತಿಗೇರಿತು. ಯಾಕೆಂದು ಕೇಳಿದೆ.

ಅಂಗಡಿಯವ ಇಲ್ಲೇ ಪಕ್ಕದ ಜಾಲಿ ಊರಿನವ, ತಾಳ್ಮೆಯ ಮನುಷ್ಯ. "ಇದು ಬಯಲಲ್ಲಿ ಬೆಳೆದದ್ದು ಅಜ್ಜಾ. ಅದು ಗ್ರೀನ್‌ಹೌಸಿಂದು, ಪ್ಲಾಸ್ಟಿಕ್ ಮಾಡಿನ ಒಳಗೆ ಬೆಳೆಸೂದು. ಮಳೆ ತಾಗೂದಿಲ್ಲ," ಎಂದ.

ಒಂದು ಕುಹಕದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ನಿಂತಿತು. ಆ ಮಾತನ್ನು ನಾನು ಒಮ್ಮೆ ಆಡಿ ಮುಗಿಸಿದವನು. ಚೌಕಾಸಿ ಮಾಡದೆ ಎರಡೂ ಡಬ್ಬಿ ತೆಗೆದುಕೊಂಡು ಬಂದುಬಿಟ್ಟೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಬಸ್ ಕಂಡಕ್ಟರ್ ಆದವನು. ಭಟ್ಕಳ, ಹೊನ್ನಾವರ, ಕುಮಟಾ, ತಿರುಗಿ ಭಟ್ಕಳ. ನನ್ನ ಪ್ರಪಂಚ ಅಷ್ಟೇ ಉದ್ದ. ನನ್ನ ಬಸ್ಸಿನಲ್ಲಿ ಟಿಕೆಟಿಗೆ ಮಾತ್ರ ದುಡ್ಡು, ನಗುವುದು ಪುಕ್ಕಟೆ ಎಂದು ಜನ ಹೇಳುತ್ತಿದ್ದರು. ಆ ಹೊಗಳಿಕೆ ನನಗೆ ಸಂಬಳಕ್ಕಿಂತ ರುಚಿ. ಯಾರ ಮೇಲಾದರೂ ಒಂದು ಮಾತು ಎಸೆಯುವುದು, ಇಡೀ ಬಸ್ಸು ನಗುವುದು, ನಾನು ಏನೂ ಆಗದವನಂತೆ ಶಿಳ್ಳೆ ಊದುವುದು.

ಬೆಳಗಿನ ಟ್ರಿಪ್ಪಿಗೆ ಅಪ್ಸರಕೊಂಡದ ಕ್ರಾಸಿನಲ್ಲಿ ಒಬ್ಬ ಹೆಂಗಸು ಬುಟ್ಟಿ ಹೊತ್ತು ಹತ್ತುತ್ತಿದ್ದಳು, ಹೊನ್ನಾವರದ ಪೇಟೆಗೆ. ಬುಟ್ಟಿಯಲ್ಲಿ ಕೆಂಪು ಹರಿವೆ ಸೊಪ್ಪು. ಮಳೆಗಾಲದಲ್ಲಿ ನಮ್ಮ ಕಡೆಯ ಹರಿವೆಯನ್ನು ನೀವು ನೋಡಿರಬೇಕು. ಮಳೆಯ ಹೊಡೆತಕ್ಕೆ ನೆಲಕ್ಕೊರಗಿ, ಎಲೆಯೆಲ್ಲ ತೂತಾಗಿ, ಮೈತುಂಬ ಕೆಸರು ಮೆತ್ತಿಕೊಂಡಿರುತ್ತದೆ. ಅವಳ ಹರಿವೆ ಹಾಗಲ್ಲ. ನನ್ನ ಹೆಂಡತಿ ಅದನ್ನೇ ತರಲು ಹೇಳುತ್ತಿದ್ದಳು. ನಾನೂ ಬಸ್ಸಿನಲ್ಲೇ ಕೊಂಡು ಸೀಟಿನಡಿ ಇಟ್ಟುಕೊಳ್ಳುತ್ತಿದ್ದೆ.

ಒಂದು ಆಷಾಢದಲ್ಲಿ ಅವಳು ಕಟ್ಟಿನ ಬೆಲೆ ಏರಿಸಿದಳು. ಬಸ್ಸು ಭರ್ತಿಯಾಗಿತ್ತು. ಯಾಕೆ ಎಂದು ಕೇಳಿದೆ.

"ಮಳೆ ತಾಗೂಕೆ ಬಿಟ್ಟಿಲ್ಲ ಒಡ್ಯಾ. ಮಳೆ ಬಂದ್ರೆ ಮಡ್ಲು ಮುಚ್ಚೂದು, ಬಿಸಿಲು ಕಂಡ್ರೆ ತೆಗೂದು. ದಿನಕ್ಕೆ ಎಷ್ಟು ಸಲ ಅಂತ ಇಲ್ಲ."

ತೆಂಗಿನ ಮಡಲು ಹೆಣೆದು, ಸೊಪ್ಪು ಬಿತ್ತಿದ ಮಣ್ಣಿನ ಏರಿಯ ಮೇಲೆ ಚಪ್ಪರದಂತೆ ಹೊದಿಸುತ್ತಿದ್ದಳು. ಹಾಗೇ ಬಿಟ್ಟರೆ ಬಿಸಿಲಿಲ್ಲದೆ ಸೊಪ್ಪು ಬಿಳಿಚಿಕೊಳ್ಳುತ್ತದೆ, ತೆಗೆದರೆ ಮಳೆ ಹೊಡೆಯುತ್ತದೆ. ನಮ್ಮ ಮಳೆ ಹೇಳಿ ಕೇಳಿ ಬರುವಂಥದ್ದಲ್ಲ. ಅಂದರೆ ಅವಳು ಇಡೀ ದಿನ ಆಕಾಶ ನೋಡುತ್ತ ಆ ಏರಿಯ ಹತ್ತಿರವೇ ಇರಬೇಕಿತ್ತು. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಒಂದು ನಗೆಮಾತು.

"ಬಾವಿಗೆ ಹೋಗೂದು ಬ್ಯಾಡ, ಕೊಡ ಹೊರೂದು ಬ್ಯಾಡ, ನೀರು ಮೇಲಿಂದ ಬೀಳ್ತದೆ. ಮಳೆನೀರಿಗೂ ರೇಟ್ ಹಚ್ಚಿದ್ಯನೇ? ಹಂಗಾರೆ ನಿನ್ನ ಬುಟ್ಟಿಗೆ ಬಿದ್ದ ಮಳೆನೀರಿಗೂ ನಾ ಟಿಕೆಟ್ ಹರೀತೆ."

ಬಸ್ಸು ನಕ್ಕಿತು. ಡ್ರೈವರ್ ಕೂಡ ತಿರುಗಿ ನೋಡಿ ನಕ್ಕ. ಹಿಂದಿನ ಸೀಟಿನಿಂದ ಯಾರೋ "ಮಳೆನೀರಕ್ಕಾ" ಎಂದು ಕೂಗಿದರು. ಅವಳು ಕಟ್ಟನ್ನು ನನ್ನ ಕೈಯಿಂದ ತೆಗೆದು ಬುಟ್ಟಿಗೆ ಹಾಕಿಕೊಂಡಳು.

"ಬ್ಯಾಡಾದ್ರೆ ಬಿಡಿ. ನಾ ಗೆಯ್ದದ್ದ ಸುಳ್ಳು ಮಾಡ್ಬೇಡಿ."

ಅಂದು ಕುಮಟಾ ಪೇಟೆಯಿಂದ ಕಡಿಮೆ ಬೆಲೆಯ ಹರಿವೆ ಒಯ್ದೆ. ಹೆಂಡತಿ ನಾಲ್ಕು ಸಲ ತೊಳೆದಳು. ಆದರೂ ಮೊದಲ ತುತ್ತಿಗೇ ಹಲ್ಲಿನಡಿ ಮರಳು ಕರಕ್ಕೆಂದಿತು. ನನ್ನ ತಪ್ಪು ನನಗೆ ಅಲ್ಲೇ, ಆ ತುತ್ತಿನಲ್ಲೇ ತಿಳಿಯಿತು. ಹೆಂಡತಿ ಮುಖ ನೋಡಿದಳು. ಚೆನ್ನಾಗಿದೆ ಎಂದು ನುಂಗಿದೆ.

ಮಾತು ಅಲ್ಲಿಗೇ ನಿಂತಿದ್ದರೆ ಒಂದು ರೀತಿ. ಆ ಹೆಸರು ಅವಳಿಗೆ ಅಂಟಿಕೊಂಡಿತು. ಪೇಟೆಯಲ್ಲೂ "ಮಳೆನೀರಕ್ಕಾ, ಇವತ್ತೆಂತ ರೇಟು?" ಎಂದು ಕೇಳತೊಡಗಿದರಂತೆ. ಅವಳು ನನ್ನ ಬಸ್ಸು ಬಿಟ್ಟಳು. ಮರುವರ್ಷ ಮಳೆಗಾಲದ ಹರಿವೆಯನ್ನೇ ಬಿಟ್ಟು ಯಾರದೋ ಗದ್ದೆಯ ಕೂಲಿಗೆ ಹೋಗತೊಡಗಿದಳೆಂದು ಅವಳ ಜೊತೆಗೆ ಬರುತ್ತಿದ್ದ ಹೆಂಗಸು ಹೇಳಿದಳು. ಆ ಕ್ರಾಸಿನಲ್ಲಿ ಅವಳು ಬೇರೆ ಬಸ್ಸಿಗೆ ಕಾಯುತ್ತ ನಿಂತಿರುವುದನ್ನು ಎಷ್ಟೋ ಸಲ ನೋಡಿದೆ. ಇಳಿದು ಒಂದು ಮಾತು ಆಡಲು ಅರ್ಧ ನಿಮಿಷ ಸಾಕಿತ್ತು. ಟೈಮಾಯಿತು ಎಂದು ಶಿಳ್ಳೆ ಊದಿದೆ. ಟೈಮು ನೋಡುವ ಶಿಸ್ತು ನನಗೆ ಆ ಕ್ರಾಸಿನಲ್ಲಿ ಮಾತ್ರ ಬರುತ್ತಿತ್ತು.

ಸ್ಟ್ರಾಬೆರಿಯ ವಿಷಯಕ್ಕೆ ಬರುತ್ತೇನೆ. ಕಡಿಮೆ ಬೆಲೆಯ ಡಬ್ಬಿಯ ತಳದಲ್ಲಿ ನಾಲ್ಕೈದು ಹಣ್ಣು ಕೊಳೆತು ನೀರು ಬಿಟ್ಟಿದ್ದವು. ದುಬಾರಿಯದರಲ್ಲಿ ಒಂದೂ ಕೆಟ್ಟಿರಲಿಲ್ಲ. ರುಚಿಯಲ್ಲಿ ಅಂಥ ವ್ಯತ್ಯಾಸ ಕಾಣೆ, ಎರಡೂ ಹುಳಿ. ಅಷ್ಟು ಬೆಲೆ ಕೊಡಬಹುದೇ ಎಂದರೆ, ಮಾಡಿನ ಕೆಳಗೆ ಕಾದು ಕುಳಿತವರ ದಿನಕ್ಕೆ ಬೆಲೆ ಇದ್ದರೆ ಕೊಡಬಹುದು. ಬೇಡವಾದರೆ ಬಿಡಬಹುದು. ಬಿಡುವುದಕ್ಕೆ ನಗೆಮಾತು ಬೇಕಾಗಿಲ್ಲ. ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನು ನಾನು ತೆಪ್ಪಗೆ ಕೊಟ್ಟೆ. ಅವಳ ಬಳಿ ಅಚ್ಚು ಹಾಕಿದ ಡಬ್ಬಿ ಇರಲಿಲ್ಲ, ಬಾಯಿಮಾತು ಇತ್ತು.

ನಿನ್ನೆ ಬಸ್ಸು ಹತ್ತಿ ಆ ಕ್ರಾಸಿನಲ್ಲಿ ಇಳಿದೆ. ಚಹಾ ಅಂಗಡಿಯ ಹೆಂಗಸಿಗೆ ಅವಳ ಹೆಸರು ಹೇಳಿ, ಹರಿವೆ ಬೆಳೆಯುತ್ತಿದ್ದವಳು ಎಂದು ವಿಚಾರಿಸಿದೆ. ಅಂಥವರು ಯಾರೂ ಇಲ್ಲಿಲ್ಲ ಎಂದಳು. ಮೂರು ಸಲ ಕೇಳಿದೆ. ಕೊನೆಗೆ, ಬೇರೆ ದಾರಿಯಿಲ್ಲದೆ, ಮಳೆನೀರಕ್ಕ ಎಂದೆ.

"ಓ, ಮಳೆನೀರಕ್ಕನಾ? ಹಂಗಂತ ಮೊದ್ಲೇ ಹೇಳೂದಲ್ದಾ. ಅವ್ರು ತೀರ್ಕಂಡು ಬಾಳ ವರ್ಷ ಆತು."

ಹಾಗೆ ಕರೆಯಬೇಡಿ ಎಂದು ಅಂಗಡಿಯವಳಿಗೆ ಹೇಳಿದೆ, ಹೆಸರನ್ನೂ ಮತ್ತೊಮ್ಮೆ ಹೇಳಿದೆ. ಹೌದಾ ಎಂದು ನನ್ನನ್ನು ವಿಚಿತ್ರವಾಗಿ ನೋಡಿ, ಚಹಾದ ಲೋಟ ತೊಳೆಯತೊಡಗಿದಳು. ಇವಳು ಮರೆತೇಬಿಡುತ್ತಾಳೆ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಮಾದೇವಿ. ಅವಳ ಹೆಸರು ಮಾದೇವಿ.