ಬನಹಟ್ಟಿಗೆ ಮೂಕಾಭಿನಯ ಕಲಿಸಿದ್ದು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸ್ಕೂಟರ್ ಒರೆಸುತ್ತಿದ್ದ ಬಟ್ಟೆ ನೋಡಿ ಚಹಾದ ಕಪ್ಪು ಕೆಳಗಿಟ್ಟು ಹತ್ತಿರ ಹೋದೆ. ಹಳದಿ ಟೀ ಶರ್ಟು. ಎದೆಯ ಮೇಲೆ ‘ನಾನೂ ಕಲಾವಿದ’ ಎಂದು ಬರೆದದ್ದರಲ್ಲಿ ‘ನಾನೂ’ ಮಾತ್ರ ಉಳಿದಿತ್ತು, ಕಲಾವಿದ ಅಳಿಸಿಹೋಗಿದ್ದ. “ಈ ಅರಿಬಿ ಒರಸಾಕೂ ಬರಂಗಿಲ್ಲ, ಒಂದ್ ಹನಿ ನೀರ ಹೀರಂಗಿಲ್ಲ,” ಎಂದು ಅವಳು ಗೊಣಗಿದಳು.

ಈ ಅಂಗಿಗೊಂದು ಕಥೆಯಿದೆ. ಅದರಲ್ಲಿ ನಾನು ಒಳ್ಳೆಯವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಸರ ಮಾಡಿಕೊಳ್ಳಬಾರದು. ಏಳು ವರ್ಷದ ಹಿಂದೆ, ನಾನು ಹೈಸ್ಕೂಲಿನಿಂದ ನಿವೃತ್ತನಾದ ವರ್ಷ, ದೊಡ್ಡ ಶಹರದ ಒಂದು ಸಂಸ್ಥೆ ನಮ್ಮೂರಿಗೆ ಬಂತು. ಬಡವರ ಮಕ್ಕಳಿಗೆ ಸಾಲಿಯ ಹೊರಗೆ ಕಲೆ ಕಲಿಸುವುದು ಅವರ ಉದ್ದೇಶ. ಕಲೆ ಬನಹಟ್ಟಿಯ ಬಸ್ಸು ತಪ್ಪಿಸಿಕೊಂಡು ಎಲ್ಲೋ ಹಿಂದೆ ನಿಂತಿದೆ ಎಂದು ಅವರು ನಂಬಿದ್ದರು. ಅದನ್ನು ಇಳಿಸಿಕೊಳ್ಳಲು ಸ್ಥಳೀಯ ಸಂಯೋಜಕನೊಬ್ಬ ಬೇಕಾಗಿದ್ದ. ನಿವೃತ್ತನಿಗೆ ಪದವಿ ಎಂದರೆ ಹಸಿದವನಿಗೆ ಹೋಳಿಗೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕಾಯಿಪಲ್ಯ ತರಲೂ ಹೋಗತೊಡಗಿದೆ.

ನೇಕಾರರ ಊರಿಗೆ ಆ ಹಳದಿ ಅಂಗಿಗಳು ಹೊರಗಿನಿಂದ ಬಂದವು, ಮಕ್ಕಳಿಗೆಲ್ಲ ಒಂದೊಂದು, ನನಗೂ ಒಂದು. ಉದ್ಘಾಟನೆಯ ದಿನ ಕೊಟ್ಟರೆ, ಒಂದು ಮಗುವೂ ಎದೆಯ ಮೇಲಿನ ಅಕ್ಷರ ಓದಲಿಲ್ಲ. ಎಲ್ಲರೂ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರು. ಒಂಬತ್ತನೆಯ ಇಯತ್ತೆಯ ಭಾಗ್ಯಶ್ರೀ ಮುಂದಿನ ಸಾಲಿನಲ್ಲಿದ್ದಳು. ತಾಯಿ ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಪವರ್‌ಲೂಮ್ ನಡೆಸುತ್ತಿದ್ದಳು, ಮಗಳು ಸಾಲಿ ಬಿಟ್ಟ ಮೇಲೆ ಅಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. “ಸರ್, ಇದು ಎರಡ್ ಸಲ ಒಗದ್ರ ಜಾಳ ಆಗತೈತ್ರಿ,” ಎಂದಳು. ಸಂಸ್ಥೆಯ ಅಧ್ಯಕ್ಷೆಗೆ ಕನ್ನಡ ಬಾರದು, ಹುಡುಗಿ ಏನಂದಳೆಂದು ಕೇಳಿದರು. ಬಹಳ ಸಂತೋಷವಾಗಿದೆಯಂತೆ ಎಂದು ಅನುವಾದಿಸಿದೆ. ಅವರು ಕಣ್ಣೊರೆಸಿಕೊಂಡರು.

ಶಿಬಿರದಲ್ಲಿ ಕಲಿಸಲು ಆರಿಸಿದ್ದು ಮೂಕಾಭಿನಯ. ನೀವು ನಮ್ಮ ಶೆಡ್ಡುಗಳ ಒಳಗೆ ಹೋಗಿದ್ದೀರೋ ಇಲ್ಲವೋ. ಮಗ್ಗಗಳು ಚಾಲೂ ಇದ್ದಾಗ ಪಕ್ಕದವರು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅಲ್ಲಿಯವರು ಕೈಯಿಂದ, ಹುಬ್ಬಿನಿಂದ, ತುಟಿಯಿಂದ ಮಾತಾಡುತ್ತಾರೆ. ಎಳೆ ಹರಿದದ್ದು, ಮಾಲೀಕ ಬಂದದ್ದು, ಸೊಸೆ ಮುನಿಸಿಕೊಂಡದ್ದು, ನಿನ್ನೆ ಮಾಡಿದ ಜುಣಕ ಹಳಸಿದ್ದು, ಎಲ್ಲಕ್ಕೂ ಕೈಯಲ್ಲಿ ಮಾತಿದೆ. ನಾನೂ ನೇಕಾರರ ಮಗನೇ. ನನ್ನ ಅಪ್ಪ ಅವ್ವ ಎರಡು ಮಗ್ಗಗಳ ನಡುವೆ ಹಾಗೆಯೇ ಜಗಳವಾಡುತ್ತಿದ್ದರು, ಕರೆಂಟು ಹೋದರೆ ಮಾತ್ರ ಜಗಳ ಬಾಯಿಗೆ ಬರುತ್ತಿತ್ತು. ಇಂಥ ಊರಿಗೆ ಮಾತಿಲ್ಲದೆ ಹೇಳುವುದನ್ನು ಕಲಿಸಲು ಬೆಂಗಳೂರಿನಿಂದ ಒಬ್ಬ ತರುಣ ಬಂದ. ಗಲಗಲಿಯ ಹೊಳೆದಂಡೆಯ ಹುಡುಗರಿಗೆ ಬಕೆಟ್ಟಿನಲ್ಲಿ ಈಜು ಕಲಿಸಿದ ಹಾಗೆ.

ತರುಣ ಒಳ್ಳೆಯವನೇ. ಕೆಡಿಸಿದ್ದು ನಾನು. ಮೊದಲ ದಿನ ಅವನು ಮಾತಾಡುತ್ತಿದ್ದರೆ ಮಕ್ಕಳ ಬೆರಳುಗಳು ಅವನ ಬಗ್ಗೆ, ನನ್ನ ಬಗ್ಗೆ ಏನೇನೋ ಹೇಳಿಕೊಳ್ಳುತ್ತಿದ್ದವು. ಮೂವತ್ತು ವರ್ಷದ ಮಾಸ್ತರಿಕೆ ಸುಮ್ಮನಿರುತ್ತದೆಯೇ? “ಕೈ ಕಟ್ಟಿ ಕೂಡ್ರಿ,” ಎಂದೆ. ಕಟ್ಟಿದರು. ತರುಣ ಎಬ್ಬಿಸಿ ಇಲ್ಲದ ಗೋಡೆಯನ್ನು ನೂಕಿರೆಂದರೆ, ಮೊದಲು ನನ್ನ ಮುಖ ನೋಡಿ, ಎರಡು ಬೆರಳಲ್ಲಿ ನೂಕಿ, ಮತ್ತೆ ಕೈ ಕಟ್ಟುತ್ತಿದ್ದರು. ಶಿಬಿರ ಮುಗಿಯುತ್ತ ಬಂದಾಗ ಅವನು, ಬಡತನ ಈ ಮಕ್ಕಳ ಮೈಯನ್ನೇ ಬಿಗಿದುಬಿಟ್ಟಿದೆ ಎಂದು ನಿಟ್ಟುಸಿರಿಟ್ಟ. ನಾನು ಅದನ್ನು ವರದಿಯಲ್ಲಿ ಚಂದಗೆ ಬರೆದೆ. ಓದಿ ಅಧ್ಯಕ್ಷೆ ಮತ್ತೆ ಕಣ್ಣೊರೆಸಿಕೊಂಡರಂತೆ.

ಆ ವರ್ಷ ಸುತ್ತಲಿನ ಊರುಗಳಿಂದ ಒಂದು ಮಗುವನ್ನು ಆರಿಸಿ ಶಹರದ ನಾಟಕಶಾಲೆಗೆ ಕಳಿಸುವುದಿತ್ತು. ಊಟ, ವಸತಿ, ಓದು ಎಲ್ಲ ಅವರದೇ. ಭಾಗ್ಯಶ್ರೀಗೆ ಅದೊಂದು ಬೇಕಾಗಿತ್ತು. ಹೆಸರು ಬಂದರೆ ಕಳಿಸುತ್ತೇನೆ, ಇಲ್ಲವಾದರೆ ಹತ್ತನೆಯದು ಮುಗಿಯುತ್ತಲೇ ಮಗ್ಗಕ್ಕೆ ನಿಲ್ಲಬೇಕು ಎಂದು ತಾಯಿ ಹೇಳಿದ್ದಳು. ಆಯ್ಕೆಗೆ ಸಂಯೋಜಕನ ಷರಾ ಮುಖ್ಯ. ನಾನು ಬರೆದದ್ದು ಹೀಗೆ: ಅಭಿವ್ಯಕ್ತಿ ಸಾಲದು, ಕೈ ಸುಮ್ಮನಿಡುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದೂ ನನಗೆ ಏನೂ ಅನಿಸಲಿಲ್ಲ. ಪಟ್ಟಿ ಮರುದಿನ ಮಧ್ಯಾಹ್ನ ಅಖೈರಾಗುವುದಿತ್ತು.

ಆ ಸಂಜೆ ಯಾವುದೋ ಕಾಗದಕ್ಕೆ ಭಾಗ್ಯಶ್ರೀಯ ತಾಯಿಯ ಸಹಿ ಬೇಕೆಂದು ಅವಳು ದುಡಿಯುವ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮಗ್ಗಗಳೆಲ್ಲ ಹೊಡೆದುಕೊಳ್ಳುತ್ತಿದ್ದವು, ನಡುವಿನ ಸಂದಿಯಲ್ಲಿ ಭಾಗ್ಯಶ್ರೀ ನಿಂತಿದ್ದಳು. ಮೊದಲು ತರುಣನಾದಳು, ಆಮೇಲೆ ಅಧ್ಯಕ್ಷೆಯಾಗಿ ಕಣ್ಣೊರೆಸಿಕೊಂಡಳು. ಆಮೇಲೆ ಹೊಟ್ಟೆ ಮುಂದಾಯಿತು, ಕೊರಳ ಚೀಟಿ ನೆಟ್ಟಗಾಯಿತು, ಚಾಳೀಸು ಮೂಗಿನ ತುದಿಗೆ ಇಳಿಯಿತು. ಹೆಂಗಸರು ಕೈಯಲ್ಲಿ ಎಳೆ ಹಿಡಿದೇ ಭುಜ ಕುಲುಕಿಸಿ ನಗುತ್ತಿದ್ದರು. ಅಂಥ ಅಭಿನಯವನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಾನೂ ನಕ್ಕೆ. ಆ ಹೊಟ್ಟೆ ಯಾರದೆಂದು ಹೊಳೆದದ್ದು ಆಮೇಲೆ. ಸಹಿ ಕೇಳದೆ ಹೊರಳಿ ಮನೆಗೆ ಬಂದೆ.

ಫೋನು ಕಿಸೆಯಲ್ಲಿತ್ತು. ಷರಾ ತಪ್ಪಾಗಿದೆ, ಈ ಹುಡುಗಿಯನ್ನು ಬಿಡಬೇಡಿ ಎಂದು ಹೇಳಲು ಮರುದಿನ ಮಧ್ಯಾಹ್ನದವರೆಗೂ ಹೊತ್ತಿತ್ತು. ಹೇಳಲಿಲ್ಲ. ವೇಳೆ ಸಿಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಖರೆ ಎಂದರೆ ಅದು ಸಿಟ್ಟು, ಮತ್ತು ನಾಚಿಕೆಗೇಡಿನ ಸಿಟ್ಟು. ಸೀಟು ಮುಧೋಳದ ಒಬ್ಬ ಹುಡುಗನಿಗೆ ಹೋಯಿತು. ಅವನು ಅವ್ವನ ನೆನಪಾಗಿ ತಿಂಗಳೊಳಗೆ ವಾಪಸು ಬಂದ.

ಹೋದ ವಾರ ಸಂಸ್ಥೆಯವರು ಮತ್ತೆ ಫೋನು ಮಾಡಿದ್ದರು. ಈ ಸಲ ಕಲಿಸುವವರೂ ಊರಿನವರೇ ಆಗಬೇಕಂತೆ, ಯಾರಾದರೂ ಇದ್ದಾರೆಯೇ ಎಂದರು. ವಿಚಾರ ಮಾಡಿ ಹೇಳುತ್ತೇನೆ ಎಂದು ದೊಡ್ಡಸ್ತಿಕೆ ಮಾಡಿದ್ದೆ. ಇವತ್ತು ಆ ಹಳದಿ ಚಿಂದಿ ನೋಡಿದ ಮೇಲೆ ವಿಚಾರ ಮಾಡುವುದೇನೂ ಉಳಿಯಲಿಲ್ಲ. ನೇರ ಶೆಡ್ಡಿಗೆ ಹೋದೆ.

ಭಾಗ್ಯಶ್ರೀ ಈಗ ತಾಯಿಯ ಜಾಗದಲ್ಲಿ ಮಗ್ಗ ನಡೆಸುತ್ತಾಳೆ. ನನ್ನನ್ನು ಕಂಡು ಮಗ್ಗ ಬಂದ್ ಮಾಡಿ ಹೊರಗೆ ಬಂದಳು. ಮಕ್ಕಳಿಗೆ ನೀನು ಕಲಿಸಬೇಕವ್ವಾ ಎಂದೆ. ಅವಳು ಒಳಗೆ ನಿಂತ ಮಗ್ಗದ ಕಡೆ ಹೊರಳಿ ನೋಡಿದಳು. ಆಮೇಲೆ, ಹೇಗೋ ಧೈರ್ಯ ಮಾಡಿ, ಆ ಸಂಜೆ ಬಾಗಿಲಲ್ಲಿ ನಿಂತು ನೋಡಿದ್ದನ್ನೂ ಫೋನು ಮಾಡದೆ ಇದ್ದದ್ದನ್ನೂ ಹೇಳಿದೆ. ಅವಳು ತೋಳಿಗೆ ಅಂಟಿದ ನೂಲಿನ ಎಳೆ ಬಿಡಿಸಿಕೊಳ್ಳುತ್ತ ಕೇಳಿಸಿಕೊಂಡಳು.

“ನೀವು ನಿಂತಿದ್ದು ನಾ ನೋಡಿದ್ನಿರಿ ಸರ್,” ಎಂದಳು. “ಕ್ಲಾಸಿನ್ಯಾಗ ಕೈ ಬಿಚ್ಚಾಕ ಬಿಡ್ಲಿಲ್ಲ ನೀವು. ಇಲ್ಲ್ಯಾದ್ರೂ ನೋಡ್ಲಿ ಅಂತ, ನಿಮಗಂತನ ಮಾಡಿದ್ದು. ನೀವು ನಕ್ಕ್ರಿ. ಅದನ್ನ ನೋಡಿ, ಆತು ಬೇ, ನನ್ನ ಹೆಸರ ಬಂತು ಅಂತ ಅವ್ವಗ ಹೇಳಿದ್ನಿ.”

ಅಷ್ಟು ಹೇಳಿ ಒಳಗೆ ಹೋಗಿ ಮಗ್ಗ ಚಾಲೂ ಮಾಡಿದಳು. ನಾನು ಈ ಸಲ ಹೊರಳಿ ಮನೆಗೆ ಹೋಗಲಿಲ್ಲ. ಕಲಿಸುತ್ತಾಳೋ ಇಲ್ಲವೋ ಕೇಳಿಕೊಂಡೇ ಹೋಗಬೇಕೆಂದು ಅವಳ ಪಾಳಿ ಮುಗಿಯುವವರೆಗೂ ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದೆ.