ಅಟ್ಟದ ಮೇಲಿನ ರಿಜಿಸ್ಟರ್

ನಾನು ಮುಖ್ಯಾಧಿಕಾರಿಯಾಗಿದ್ದ ಪಟ್ಟಣ ಪಂಚಾಯಿತಿಯ ಹಳೆಯ ಕಟ್ಟಡದಲ್ಲಿ ಒಂದು ಅಟ್ಟವಿತ್ತು. ಅದರ ಮೇಲೆ ಊರಿನ ಮನೆಗಳ ಅಳತೆ ಬರೆದ ಹಳೆ ರಿಜಿಸ್ಟರುಗಳಿದ್ದವು. ರಿಜಿಸ್ಟರುಗಳ ಮೇಲೆ ಅಧ್ಯಕ್ಷರ ತೆಂಗಿನಕಾಯಿಗಳಿದ್ದವು. ತಮ್ಮ ಮನೆಯ ಅಟ್ಟದ ತೊಲೆ ಮುರಿದಿದೆ, ರಿಪೇರಿಯಾಗುವವರೆಗೆ ಇಲ್ಲಿರಲಿ ಎಂದು ಅವರು ತುಂಬಿಸಿದ್ದರು. ಒಪ್ಪಿಗೆ ಕೊಟ್ಟವರು ಯಾರು? ಆ ವಾರ ನಾನು ರಜೆಯಲ್ಲಿದ್ದೆ ಎಂದು ನನ್ನ ನೆನಪು. "ಹಾಕ್ಕೊಳ್ಲಿ ಅಂದ್ರಲ್ಲ ಸಾರ್, ತಾವೇ," ಎನ್ನುತ್ತಾರೆ ನಮ್ಮ ಅಟೆಂಡರ್. ಆತನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಬಸ್ ನಿಲ್ದಾಣದ ರಸ್ತೆಯನ್ನು ಅಗಲ ಮಾಡಬೇಕಿತ್ತು. ಗುರುತು ಹಾಕಿದ ಕೆಂಪು ಗೆರೆ ಇಡ್ಲಿ ಹೋಟೆಲ್ ನಡೆಸುತ್ತಿದ್ದ ಒಬ್ಬ ಹೆಂಗಸಿನ ಮನೆಯ ಮುಂದಿನ ಕೋಣೆಯನ್ನು ಸೀಳಿಕೊಂಡು ಹೋಯಿತು. ಆ ಕೋಣೆಯೇ ಹೋಟೆಲ್. ಅದು ಒತ್ತುವರಿ ಎಂದು ನಾವು ನೋಟಿಸ್ ಕೊಟ್ಟೆವು. ಅದು ಮಾವನ ಕಾಲದ ಸ್ವಂತ ಜಾಗ, ನಿಮ್ಮ ರಿಜಿಸ್ಟರಿನಲ್ಲೇ ಬರೆದಿದೆ ಎಂದು ಆಕೆ ಹೇಳಿದರು. ಅಟ್ಟ ಹತ್ತಿ ನೋಡಿದರೆ ಒಂದು ಗಂಟೆಯ ಕೆಲಸ.

ಆದರೆ ನಮ್ಮ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿಯನ್ನು ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಮುಟ್ಟುವುದಿಲ್ಲ. ವಿಷಯ ಸಭೆಗೆ ಬಂತು. ಕುರ್ಚಿ ಎತ್ತಿಕೊಂಡು ಹೊಡೆದಾಡುತ್ತಿದ್ದ ಎರಡು ಪಕ್ಷದವರೂ ಅಂದು ಅಣ್ಣತಮ್ಮಂದಿರಾದರು. ಎಲ್ಲರ ಮನೆಯಲ್ಲೂ ಕಾಯಿ ತುಂಬಿದ ಅಟ್ಟಗಳಿದ್ದವಲ್ಲ. ಕುಡಿಯುವ ನೀರಿನ ಬಗ್ಗೆ ಒಂದು ವಾಕ್ಯವನ್ನು ನೆಟ್ಟಗೆ ಮುಗಿಸಲಾರದವರು ಕಾಯಿ ಕೊಳೆಯುವ ಬಗೆಯನ್ನು ವಿದ್ವಾಂಸರಂತೆ ವಿವರಿಸಿದರು.

"ಈಗ ಕಲಕಿದ್ರೆ ಅಷ್ಟೂ ಕೆಟ್ಟೋಯ್ತವೆ ಕಣ್ರೀ," ಎಂದರು ಅಧ್ಯಕ್ಷರು.

ಬಾಗಿಲ ಬಳಿ ನಿಂತಿದ್ದ ಆಕೆ ಹೇಳಿದರು: "ನಿಮ್ ಕಾಯಿ ಒಣಗ್ಲಿ ಸ್ವಾಮಿ, ಬ್ಯಾಡ ಅನ್ನಕಿಲ್ಲ. ಅಲ್ಲೀಗಂಟ ನನ್ ಗ್ವಾಡೆನೂ ನಿಂತಿರ್ಲಿ ಬುಡಿ."

"ಜೆಸಿಬಿ ಬಂದು ನಿಂತೈತೆ ಕಣಮ್ಮ. ನಿನ್ ಒಂದು ಗ್ವಾಡೆಗೆ ರಸ್ತೆ ನಿಲ್ಸಕಾಯ್ತದಾ?" ಎಂದು ಒಬ್ಬ ಸದಸ್ಯ ನಕ್ಕ.

ಸ್ಥಳೀಯ ಸ್ವಯಮಾಡಳಿತದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ದಪ್ಪನೆಯ ಪ್ರಬಂಧ ಬರೆದಿದ್ದ ನಾನು ಅಲ್ಲೇ ಕುಳಿತಿದ್ದೆ. ನಾನು ಆಕ್ಷೇಪಿಸಿದೆ ಎಂದು ಬಹಳ ದಿನ ನಂಬಿದ್ದೆ. ಆಮೇಲೊಮ್ಮೆ ನಡಾವಳಿ ಪುಸ್ತಕ ತೆರೆದೆ. ಕಾಯಿ ಇಳಿಸದೆ ಗೋಡೆ ಕೆಡವಲು 'ಸರ್ವಾನುಮತದಿಂದ' ಒಪ್ಪಿಗೆ ಎಂದಿತ್ತು. ನನ್ನದೇ ಅಕ್ಷರ.

ಗೋಡೆ ಒಂದು ಬೆಳಿಗ್ಗೆ ಬಿತ್ತು. ಅದು ಬಿದ್ದ ಎಷ್ಟೋ ತಿಂಗಳ ಮೇಲೆ ಕಾಯಿ ಇಳಿಸಿದರು. ಅಧ್ಯಕ್ಷರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದಾಗ ಮುಗುಳ್ನಗುತ್ತಿದ್ದರು. ಯಾವ ಸಭೆಯಲ್ಲೂ ಅವರು ಯಾರ ಮಾತನ್ನೂ ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೆಳಗಿದ್ದ ರಿಜಿಸ್ಟರ್ ಚೆನ್ನಾಗಿಯೇ ಇತ್ತು. ಆಕೆಯ ಮುಂದಿನ ಕೋಣೆ ಅದರಲ್ಲಿ ಬರೆದ ಅಳತೆಯೊಳಗೇ ಇತ್ತು.

ಅಟೆಂಡರ್ ಜೊತೆ ಆಕೆಯ ಮನೆಗೆ ಹೋದೆ. ಹಿತ್ತಿಲಲ್ಲಿ ತಗಡಿನ ಕೆಳಗೆ ಇಡ್ಲಿ ಬೇಯುತ್ತಿತ್ತು.

"ಸುಳ್ಳು ಹೇಳಿದ್ನಾ ಸಾರ್ ನಾನು?"

"ಇಲ್ಲಮ್ಮ. ನಾನು ಅವತ್ತೇ ಹತ್ತಿ ನೋಡೋಣ ಅಂತಿದ್ದೆ. ಏಣಿ ಸಿಗಲಿಲ್ಲ."

"ಏಣಿ ನಿಮ್ ರೂಮ್ನಾಗೇ ಇತ್ತಲ್ಲ ಸಾರ್," ಎಂದರು ಅಟೆಂಡರ್, ನನಗೆ ಸಹಾಯ ಮಾಡುವವರಂತೆ. "ತಾವು ಟವಲ್ ಒಣಗಾಕ್ತಿದ್ರಲ್ಲ, ಅದೇ."

ಆ ಟವಲ್ ನನಗೆ ಚೆನ್ನಾಗಿ ನೆನಪಿದೆ, ನೀಲಿ ಅಂಚಿನದು. ಏಣಿ ನೆನಪಿಲ್ಲ.

"ಅದಿರ್ಲಿ ಬುಡಿ," ಎಂದರು ಆಕೆ. "ಆ ಪುಟದ ಜೆರಾಕ್ಸಿಗೆ ಸೀಲ್ ಹಾಕಿ ಕೊಡಿ, ಕೋರ್ಟಿಗೆ ಬೇಕು. ಈಗ್ಲೇ ಕೊಡಿ. ಹೊಸ ಕಾಯಿ ಬಂದ್ಬುಟ್ಟಾವು."

ಅಧ್ಯಕ್ಷರ ತೊಲೆ ಇನ್ನೂ ರಿಪೇರಿಯಾಗಿರಲಿಲ್ಲ. ನಾನು ಅಂದೇ ಸಹಿ ಮಾಡಿ ಕೊಟ್ಟೆ. ಅಂದೇ ಎಂದುಕೊಂಡಿದ್ದೇನೆ.