ಬಾಗಿಲ ಚೌಕಟ್ಟಿನ ಧೂಳು

ಗೋವಾದ ಫಾತೋರ್ಡಾದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒಂದು ಕಡೆ ಬಣ್ಣವಿಲ್ಲ. ನಿಂತವರ ಬೆನ್ನಿನ ಎತ್ತರಕ್ಕೆ ಸರಿಯಾಗಿ, ಗೇಣುದ್ದ, ಕಟ್ಟಿಗೆ ಸವೆದು ನುಣುಪಾಗಿದೆ. ನಾವು ಬಂದಾಗ ಅಲ್ಲಿ ಹಸಿರಿತ್ತೆಂದು ನನ್ನ ನೆನಪು. ಆದರೆ ಪಕ್ಕದಲ್ಲಿ ಉಳಿದಿರುವ ಹಸಿರನ್ನು ನೋಡಿಯೇ ಹಾಗೆ ಹೇಳುತ್ತಿರಬಹುದು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ.

ಬಣ್ಣ ಸವೆಸಿದವನು ನನ್ನ ಅಣ್ಣ ಈರಣ್ಣ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗುತ್ತಾನೆ, ಉಳಿದ ದಿನ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾನೆ. ರಕ್ತ ಶುದ್ಧವಾಗುತ್ತಿತ್ತು, ತುರಿಕೆ ಮಾತ್ರ ಹೋಗುತ್ತಿರಲಿಲ್ಲ. ಒಂದು ಲಂಗದ ಅಂಚು ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ಚೌಕಟ್ಟಿಗೆ ಬೆನ್ನು ಉಜ್ಜಿ ಬರುತ್ತಿದ್ದ. ಲಂಗಗಳು ತಡವಾದವು, ಒಂದು ಶಾಲೆಯವರು ಬೇರೆ ಟೇಲರನನ್ನು ಹುಡುಕಿಕೊಂಡರು.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕಾಯಿಲೆಯ ಭಾರವನ್ನು ಅಳೆಯಲು ನಮ್ಮಲ್ಲೊಂದು ಪ್ರಶ್ನೆಯಿದೆ: ಈ ಕಷ್ಟವಿಲ್ಲದೆ ಬದುಕಲು ನಿಮ್ಮ ಆಯುಷ್ಯದ ಎಷ್ಟು ವರ್ಷಗಳನ್ನು ಬಿಟ್ಟುಕೊಡುತ್ತೀರಿ? ತರಗತಿಯಲ್ಲಿ ಇದನ್ನು ಬಹಳ ಸರಾಗವಾಗಿ ಹೇಳುತ್ತೇನೆ. ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಹೊತ್ತಿಗೆ, ಅಣ್ಣ ಕೇಳದೆಯೇ ಉತ್ತರ ಕೊಟ್ಟ.

“ಇವತ್ತಿಂದ ನಾ ಹೋಗೂದಿಲ್ಲ, ತಂಗಿ. ಸೂಜಿ ಚುಚ್ಚಿದ್ರ ತಡಕೋತೇನಿ. ಕೈ ಅಲುಗಾಡಿಸದಂಗ ಮಲಗಿಸಿದಾಗ ಮೈಯೆಲ್ಲಾ ತುರಸಾಕತ್ತಿದ್ರ ಏನ್ ಮಾಡ್ಲಿ? ಇದಕ್ಕಿಂತ ಸಾಯೂದು ಸಸ್ತಾ.”

ಎಲ್ಲ ವರ್ಷಗಳನ್ನೂ ಕೊಡುವವನಿದ್ದ. ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು.

ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿದೆ. ಅವರು ಪ್ರತಿ ಸಲ ಹೇಗಿದ್ದೀರಿ ಎಂದು ಕೇಳುತ್ತಾರೆ, ತಾನು “ಆರಾಮ ಅದೀನ್ರಿ” ಅನ್ನುತ್ತೇನೆ ಎಂದ. ದೊಡ್ಡವರು ವಿಚಾರಿಸಿದಾಗ ಬೇರೇನು ಹೇಳುವುದು? ನಮ್ಮ ಕಡೆಯ ಸಂಸ್ಕಾರವೇ ಹಾಗೆ. ನಾನೂ ಜ್ವರದಲ್ಲಿ ಪ್ರಿನ್ಸಿಪಾಲರಿಗೆ ಅದನ್ನೇ ಹೇಳಿದವಳು. ತೊಂದರೆಯೆಂದರೆ, ‘ಆರಾಮ’ ಎಂಬುದು ಕೊಂಕಣಿಯವರಿಗೂ ಮರಾಠಿಯವರಿಗೂ ಹಿಂದಿಯವರಿಗೂ ಅರ್ಥವಾಗುತ್ತದೆ, ಮತ್ತು ಡಾಕ್ಟರು ಅದನ್ನು ನಂಬಿದ್ದರು.

ಇವತ್ತೊಂದು ದಿನ ನಾನೂ ಬರುತ್ತೇನೆ, ಆಮೇಲೆ ನಿನ್ನಿಷ್ಟ ಎಂದೆ. ಹೊರಡುವ ಮುನ್ನ ಮೊಬೈಲಿನಲ್ಲಿ ಚೌಕಟ್ಟಿನ ಫೋಟೋ ತೆಗೆದುಕೊಂಡೆ. ಡಾಕ್ಟರಮ್ಮ ವಿಚಾರಿಸಿದರು, ಅಣ್ಣ ಆರಾಮ ಎಂದ, ನಾನು ಫೋಟೋ ತೋರಿಸಿ, ತುರಿಕೆಗೆ ಇವನು ಬೆನ್ನು ಉಜ್ಜಿ ಸವೆಸಿದ್ದು ಎಂದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿ, ಇದು ಎಷ್ಟು ಕಾಲದಿಂದ ಎಂದು ಕೇಳಿದರು. ಒಂದೇ ಮನೆಯಲ್ಲಿದ್ದೂ ಆ ಲೆಕ್ಕ ಕಟ್ಟಿಗೆಯಲ್ಲಿತ್ತು, ನನ್ನಲ್ಲಿರಲಿಲ್ಲ.

ಮೊದಲ ಮಾತ್ರೆ ಉಪಯೋಗಕ್ಕೆ ಬರಲಿಲ್ಲ. ಎರಡನೆಯದು, ಮುಲಾಮಿನ ಜೊತೆಗೆ, ನಿಧಾನವಾಗಿ ಹಿಡಿಯಿತು. ಅಣ್ಣ ಡಯಾಲಿಸಿಸ್ ಬಿಡಲಿಲ್ಲ. ಈ ಚಿಕಿತ್ಸೆಯ ಆರ್ಥಿಕ ಲಾಭವೇನು ಎಂದು ಶಾಸ್ತ್ರೋಕ್ತವಾಗಿ ಯೋಚಿಸಿದೆ. ಹೊಲಿದ ಲಂಗಕ್ಕೆ ಬೆಲೆಯಿದೆ, ಮಾತ್ರೆಗೂ ಇದೆ. ಅವನೀಗ ರಾತ್ರಿಯಿಡೀ ನಿದ್ದೆ ಮಾಡುತ್ತಾನೆ, ಅದನ್ನು ಲಾಭಕ್ಕೆ ಸೇರಿಸಬೇಕು. ಗೊರಕೆಯಿಂದ ನನ್ನ ನಿದ್ದೆ ಕೆಡುತ್ತದೆ, ಅದನ್ನು ಕಳೆಯಬೇಕೋ ಏನೋ. ಲೆಕ್ಕ ಅಲ್ಲಿಗೇ ನಿಂತಿದೆ.

ಡಾಕ್ಟರಮ್ಮ ಈಗ ಅಣ್ಣನನ್ನು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಬಾಗಿಲು ಹೇಗಿದೆ ಎಂದು ಕೇಳುತ್ತಾರೆ. ಬಾಗಿಲ ವಿಷಯದಲ್ಲಿ ಅವನಿಗೆ ಸಂಕೋಚವಿಲ್ಲ. “ಧೂಳ ಕುಂತೈತ್ರಿ” ಅನ್ನುತ್ತಾನೆ.

ಖರೆ. ಭಾನುವಾರ ಮನೆಯೆಲ್ಲ ಒರೆಸುವಾಗ ಆ ಗೇಣುದ್ದವನ್ನು ಮಾತ್ರ ನಾನು ಮುಟ್ಟುವುದಿಲ್ಲ.